ಗಿರಿಜವ್ವನ ಬಾಯಿಗೆ ಕಾವಲು

"ನಾ ಏನ್ ಬಾಂಬ್ ಕಟ್ಟೇನೇನವ್ವ? ಎರಡ ಸಾಲ ಒಡಪ ಕಟ್ಟೇನಿ. ಪಂಚಾಯ್ತಿ ಅಧ್ಯಕ್ಷರು ನೀರಿನ ಟಾಕಿ ಕಟ್ಟಿಸಿದ್ರು, ಬಣ್ಣಾ ಹಚ್ಚಿಸಿದ್ರು, ತಮ್ಮ ಹೆಸರ ಬರಸಿದ್ರು. ನೀರ ಬಿಡೂದೊಂದ ಮರತ್ರು. ಅದನ್ನ ಒಂದ ಮದುವ್ಯಾಗ ಹೇಳಿದೆ. ಹೆಣ್ಮಕ್ಕಳು ಹೊಟ್ಟಿ ಹಿಡಕೊಂಡ ನಕ್ಕರು. ಮರುದಿನ ಹವಾಲ್ದಾರ ಬಂದು, 'ಇನ್ನ ಮ್ಯಾಲ ಈ ಊರಾಗ ಯಾರೂ ಅಧ್ಯಕ್ಷರ ಹೆಸರ ಒಡಪಿನ್ಯಾಗ ಹಾಕಬಾರ್ದು. ನೀ ಅಂತೂ ನಾಕ ಮಂದಿ ಮುಂದ ಒಡಪಿಗೆ ಬಾಯಿ ತಗದ್ರ ಸೀದಾ ಠಾಣೆ' ಅಂದ. ಠಾಣೆ ಹೆದರಿಕಿ ಇಲ್ಲ ನನಗ. ಬಾಯಿ ಮುಚ್ಚಿದ್ರ ಒಡಪು ಹೊಟ್ಟ್ಯಾಗ ಕುದೀತಾವ, ಅದ ತ್ರಾಸು."

ಗಿರಿಜವ್ವ ಇದನ್ನು ಹೇಳಿದ್ದು ನಿಪ್ಪಾಣಿಯ ಕಹಕಶಾಳ ಕ್ಯಾಮೆರಾದ ಮುಂದೆ. ಆ ಹುಡುಗಿ ಇವಳ ಮೇಲೆ ಸಣ್ಣದೊಂದು ಚಿತ್ರ ತೆಗೆಯಲು ಬಂದಿದ್ದಳು. ರಷ್ಯಾ ದೇಶದಲ್ಲೂ ಕವಿತೆ ಬರೆಯುವ ಒಬ್ಬ ಹೆಣ್ಣುಮಗಳ ಬಾಯಿ ಕಟ್ಟಿ ಸರಕಾರದವರು ಮನೆಯಲ್ಲಿ ಕೂರಿಸಿದ್ದಾರೆ ಎಂದು ಅವಳು ಹೇಳಿದಾಗ ಗಿರಿಜವ್ವ, "ಅಯ್ಯ, ಅಲ್ಲಿ ಥಂಡಿನೂ ಭಾಳಂತ. ಆಕಿಗೊಂದ ಕೌದಿ ಕಳಸೂಣೇನ?" ಎಂದಳು.

ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ. ಒಡಪು ಕಟ್ಟಿ, ಅದರೊಳಗೆ ಹೆಸರು ಕೂರಿಸಿ ಹೇಳಬೇಕು. ಹೊಸ್ತಿಲಲ್ಲಿ ಅಡ್ಡ ನಿಂತ ಹೆಂಗಸರು ಅಲ್ಲಿಯವರೆಗೆ ಒಳಗೆ ಬಿಡುವುದಿಲ್ಲ. ಊರಿನ ಅರ್ಧ ಸೊಸೆಯಂದಿರ ಒಡಪು ಗಿರಿಜವ್ವ ಕಟ್ಟಿಕೊಟ್ಟದ್ದೇ. ಹವಾಲ್ದಾರನ ಕೈಲಿ ಆ ಹುಕುಂ ಹೊರಡಿಸುವಾಗ ಅಧ್ಯಕ್ಷ ಬಾಬಾಸಾಹೇಬನಿಗೆ ತನಗೂ ಒಬ್ಬ ಹೆಂಡತಿ ಇದ್ದಾಳೆಂಬುದು ನೆನಪಾಗಲಿಲ್ಲ.

ಸಂಕ್ರಾಂತಿಯ ಅರಿಷಿಣ ಕುಂಕುಮ ಅವನ ಮನೆಯಲ್ಲೇ ಇತ್ತು. ಕಟ್ಟೆಯ ಮೇಲೆ ಅವನು, ಪಕ್ಕದಲ್ಲಿ ಹವಾಲ್ದಾರ ಮಾಳಸಿದ್ದ. ಹೊಸ್ತಿಲಲ್ಲಿ ಅವನ ಹೆಂಡತಿ ಉಜ್ವಲಾ, ಕೈಯಲ್ಲಿ ಆರತಿ ತಟ್ಟೆ.

"ಹೆಸರ ಹೇಳ್ರಿ ವೈನಿ!" ಎಂದು ನಾವೆಲ್ಲ ಅಡ್ಡ ನಿಂತೆವು.

"ಹೆಂಗ ಹೇಳ್ಲಿ? ನಮ್ಮನಿಯವ್ರೇ ಬ್ಯಾಡಂದಾರ."

"ಹಂಗಾರ ಹೊರಗ ನಿಂದರ್ರಿ!"

"ಗಂಡನ ಹೆಸರ ಮರತ್ರೇನ?" ಎಂದಳು ಮನೀಷಾ, ಓಣಿಯ ಹೊಸ ಸೊಸೆ. ನಗು ಹತ್ತಿತು. ಆರತಿ ಆರುವುದರಲ್ಲಿತ್ತು.

ಉಜ್ವಲಾ ಗಿರಿಜವ್ವನ ಕಡೆ ತಿರುಗಿದಳು. "ಒಂದ ಕಟ್ಟಿಕೊಡ ಬೇ."

ಗಿರಿಜವ್ವ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಹವಾಲ್ದಾರನ ಕಡೆ ಕಣ್ಣು ತಿರುಗಿಸಿದಳು.

ಹೆಂಡತಿ ತನ್ನ ಹೆಸರು ಹೇಳದೆ ಹೊರಗೇ ನಿಂತದ್ದನ್ನು ಓಣಿಯೆಲ್ಲ ನೋಡುತ್ತಿತ್ತು. ಬಾಬಾಸಾಹೇಬ ತಡೆಯಲಾರದೆ ಕೂಗಿದ: "ಹೇಳಿಕೊಡ ಗಿರಿಜವ್ವ, ಲಗೂ! ದೀಪ ಆರತೈತಿ!"

"ನೀವ ಹೇಳಿದ್ರಿ ಮತ್ತ," ಎಂದು ಗಿರಿಜವ್ವ ಉಜ್ವಲಾಳ ಕಿವಿಯಲ್ಲಿ ಉಸುರಿದಳು. ಉಜ್ವಲಾ ಒಂದೇ ಉಸಿರಿಗೆ ಹೇಳಿಬಿಟ್ಟಳು:

"ಟಾಕಿ ಮ್ಯಾಲ ಗುಬ್ಬಿ ಕುಂತು ನೀರ ಬೇಡತಾವ,
ಬಾಬಾಸಾಹೇಬರ ಹೆಸರ ಕೇಳಿ ನಳಾ ಕೆಮ್ಮತಾವ!"

ಓಣಿಯೆಲ್ಲ ಗೊಳ್ಳೆಂದಿತು. ನನ್ನ ಪಕ್ಕದವಳು ನಕ್ಕು ನಕ್ಕು ಎಳ್ಳುಬೆಲ್ಲದ ಬುಟ್ಟಿಯ ಮೇಲೆ ಕೂತೇಬಿಟ್ಟಳು. ಮಾಳಸಿದ್ದ ಟೋಪಿ ಸರಿಮಾಡಿಕೊಂಡು ಎದ್ದ.

"ಸಾಹೇಬ್ರ, ಯಾರನ್ನ ಒಯ್ಯೂಣ್ರಿ? ಹೇಳಿಕೊಟ್ಟಾಕೀನ್ನೋ, ಹೇಳಿದಾಕೀನ್ನೋ, ಹೇಳಸಿದವರನ್ನೋ?"

ಬಾಬಾಸಾಹೇಬ ಹೆಂಡತಿಯನ್ನು ನೋಡಿದ. ಅವಳು ಆಗಲೇ ಪಟಪಟನೆ ಹೊಸ್ತಿಲು ದಾಟಿಯಾಗಿತ್ತು. "ಚಾ ಕುಡದ ಹೋಗಲೇ," ಎಂದ. "ಇನ್ನ ಗಿರಿಜವ್ವನ ಮನಿ ಕಡೆ ಹಾಯಬ್ಯಾಡ."

ಇದನ್ನೆಲ್ಲ ಚಿತ್ರ ತೆಗೆಯುತ್ತಿದ್ದ ಕಹಕಶಾ ಗಿರಿಜವ್ವನ ಹಿಂದೆಯೇ ಅವಳ ಮನೆಗೆ ಓಡಿಬಂದಳು. "ಆಯಿ, ಕ್ಯಾಮೆರಾ ನಡಗ್ಯಾದ, ನಾನೂ ನಗಾಕತ್ತಿದ್ದೆ. ಇನ್ನೊಮ್ಮೆ ಹೇಳ್ರಿ!"

"ಈಗ ಒಲ್ಲೆವ್ವ. ನಮ್ಮವ್ರು ಹೊಲದಿಂದ ಹಸದ ಬಂದಾರ," ಎಂದು ಗಿರಿಜವ್ವ ಜೋಳದ ಹಿಟ್ಟಿಗೆ ಬಿಸಿನೀರು ಸುರಿದು ನಾದಿದಳು. ಬಾಗಿಲು ತೆರೆದಿಟ್ಟು, ಓಣಿಗೆಲ್ಲ ಕೇಳುವಂತೆ ಹೊಸದೊಂದು ಒಡಪು ಹೇಳುತ್ತ ರೊಟ್ಟಿ ಬಡಿದಳು. ಹಂಚಿನ ಮೇಲೆ ಹಾಕಿ, ನೀರು ಸವರಿ, ಮಗುಚಿದಳು.