ಮೆತ್ತಗಾದ ರೊಟ್ಟಿ, ಕಾರವಾರದ ದಾರಿ

ರೊಟ್ಟಿ ಡಬ್ಬಿಯ ಮುಚ್ಚಳ ರಾತ್ರಿಯಿಡೀ ತೆರೆದೇ ಇತ್ತು. ಪುಣೆಯ ಮಳೆಗಾಳಿಗೆ ಕಡಕ್ ರೊಟ್ಟಿಗಳೆಲ್ಲ ಒದ್ದೆ ಕರವಸ್ತ್ರದ ಹಾಗೆ ಮೆತ್ತಗಾಗಿದ್ದವು. ಒಂದನ್ನು ಮಡಚಿ ಮೂಗಿನ ಹತ್ತಿರ ಹಿಡಿದೆ. ತಂಗಾಳಿ ಕುಡಿದ ಜೋಳದ ವಾಸನೆ... ಹಳೆಯ ಮನೆಯ ಮಹಡಿಯ ಕಾಕು ಎದುರಿಗೆ ಬಂದು ನಿಂತಂತಾಯಿತು.

ಫೋನಿನಲ್ಲಿ ಕನ್ನಡ ಒತ್ತುವುದನ್ನು ಮೊಮ್ಮಗಳು ಮೊನ್ನೆಯಷ್ಟೇ ಕಲಿಸಿದ್ದಾಳೆ. ಒಂದೇ ಬೆರಳಿನಲ್ಲಿ ಬರೆಯುತ್ತಿದ್ದೇನೆ. ಎದುರು ನಿಂತ ಕಾಕು ಅವಸರ ಮಾಡಬಾರದು.

ಸದಾಶಿವ ಪೇಠದ, ನಡುವೆ ಅಂಗಳವಿದ್ದ ಹಳೆಯ ವಾಡೆಯಲ್ಲಿ ಅವರು ಮೇಲೆ, ನಾವು ಕೆಳಗೆ. ಮರಾಠಿಯವರು, ವಾಡೆಗೆಲ್ಲ ಕಾಕು, ಅಂದರೆ ಚಿಕ್ಕಮ್ಮ. ನನ್ನ ಅತ್ತೆಯ ಜೊತೆ ಜಗಳವಾಡಲೆಂದೇ ಕನ್ನಡ ಕಲಿತವರು. ನಾನು ವಿಜಾಪುರದ ಕಡೆಯಿಂದ ಬಂದ ಹೊಸ ಸೊಸೆ. ಸಮುದ್ರ ಕಂಡವಳಲ್ಲ. ಕಾಕು ಹುಟ್ಟಿದ್ದು ಅಲಿಬಾಗದ ಹತ್ತಿರ, ಅಲೆಗಳ ಸದ್ದಿನಲ್ಲಿ. ಅಲ್ಲಿ ಅವರ ತಮ್ಮನ ಬಳಿ ಒಂದು ಸಣ್ಣ ಹಾಯಿದೋಣಿ ಇತ್ತು. ಅದರಲ್ಲಿ ಕೂತು, ದಂಡೆಗುಂಟ ಕಾರವಾರದವರೆಗೆ ಹೋಗಬೇಕೆಂಬುದು ಚಿಕ್ಕಂದಿನ ಆಸೆ. ಪ್ರತಿ ಬೇಸಿಗೆಯೂ ಹೊರಡುವವರೇ, ಪ್ರತಿ ಬೇಸಿಗೆಯೂ ಯಾರದೋ ಮದುವೆ, ಯಾರದೋ ಬಾಣಂತನ.

ನಾನು ಬಂದ ವರ್ಷ ಕಾಕುವಿನ ತಮ್ಮ ಆ ದೋಣಿಯನ್ನು ಕಾರವಾರದವರೊಬ್ಬರಿಗೆ ಮಾರಿಬಿಟ್ಟಿದ್ದರು. ಮಳೆಗಾಲಕ್ಕೆ ಮೊದಲು ಅಲ್ಲಿಗೆ ಮುಟ್ಟಿಸಬೇಕು. ಹೋದರೆ ಆ ಬೇಸಿಗೆ, ಇಲ್ಲದಿದ್ದರೆ ಎಂದೂ ಇಲ್ಲ.

ದಿನಾ ಸಂಜೆ ಕಾಕು ಅಂಗಳಕ್ಕೆ ನೀರು ಚಿಮುಕಿಸಿ, ರಂಗೋಲಿ ಪುಡಿಯಲ್ಲಿ ಕರಾವಳಿಯನ್ನೇ ಎಳೆಯುತ್ತಿದ್ದರು. ರಾತ್ರಿ ತಂಗುವ ಜಾಗಕ್ಕೆಲ್ಲ ಒಂದೊಂದು ಹುಣಸೆಬೀಜ. ಇದು ಹರ್ಣೈ, ಇದು ರತ್ನಾಗಿರಿ, ಇದು ಮಾಲವಣ...

"ಮಧ್ಯಾಹ್ನದ ಮ್ಯಾಲೆ ಗಾಳಿ ಉತ್ತರದ ಕಡೆಯಿಂದ ಬರ್ತದ, ಪೋರಿ. ಬೆನ್ನಿಗೆ ಕೈ ಹಚ್ಚಿ ದೂಡಿದಂಗ. ಹೋಗೋದು ಹಾಯಿ ಮ್ಯಾಲೆ, ಬರೋದು ಎಸ್‌ಟಿ ಬಸ್ಸಿನಾಗ. ನೀನೂ ಹರ್ಣೈ ತನಕಾ ಬಾ."

ಒಳಗಿನಿಂದ ಅತ್ತೆ ಕೂಗಿದರು: "ನಮ್ಮ ಸೊಸಿಗೆ ನೀರು ಬೇಕಂದ್ರ ಮನ್ಯಾಗ ನಳ ಅದರೀ!"

ಬುತ್ತಿಯ ಹೊಣೆ ನನ್ನದಾಯಿತು. ಕಡಕ್ ರೊಟ್ಟಿ, ಶೇಂಗಾ ಚಟ್ನಿ. ನಮ್ಮೂರಲ್ಲಿ ಕಡಕ್ ರೊಟ್ಟಿ ತಿಂಗಳುಗಟ್ಟಲೆ ಕಟುಂ ಎನ್ನುತ್ತದೆ. ದೋಣಿಗೆ ಇದಕ್ಕಿಂತ ಒಳ್ಳೆಯದು ಏನಿದೆ? ದೋಣಿ ನೋಡಿಬರಲು ಊರಿಗೆ ಹೊರಟ ಕಾಕುವಿಗೆ ಒಂದು ಗಂಟು ಕಟ್ಟಿಕೊಟ್ಟೆ.

ಅದೇ ಗಂಟು ಹಿಡಿದು ನಗುತ್ತ ತಿರುಗಿ ಬಂದರು. "ಪೋರಿ, ನಿನ್ನ ರೊಟ್ಟಿ ಸಮುದ್ರ ನೋಡಿ ನಾಚಿಕೊಂಡ್ವು!" ಒಂದು ರೊಟ್ಟಿಯನ್ನು ತುದಿಬೆರಳಲ್ಲಿ ಎತ್ತಿ ತೋರಿಸಿದರು. ಒಣಹಾಕಿದ ಬಟ್ಟೆಯಂತೆ ಜೋತುಬಿತ್ತು.

"ನಮ್ಮ ರೊಟ್ಟಿಗೆ ಬಾಗೋದು ಗೊತ್ತಿಲ್ಲರೀ. ನಿಮ್ಮ ಊರಿನ ಗಾಳೀನ ಸುಮಾರು," ಎಂದರು ಅತ್ತೆ.

ಹಾಗಾದರೆ ಹಿಟ್ಟು, ತವಾ ಒಯ್ಯೋಣ, ಸಂಜೆ ಸಂಜೆಗೆ ದಂಡೆಯ ಮೇಲೆ ರೊಟ್ಟಿ ಬಡಿಯೋಣ ಎಂದು ನಿಶ್ಚಯವಾಯಿತು. ಅತ್ತೆ ನನ್ನನ್ನು ಕಳಿಸಲು ಇನ್ನೂ ಒಪ್ಪಿರಲಿಲ್ಲ. ಆದರೆ ಹಿಟ್ಟನ್ನು ಮಾತ್ರ ತಾವೇ ಜರಡಿ ಹಿಡಿದಿಟ್ಟರು.

ಮರುದಿನ ಮಧ್ಯಾಹ್ನ ಕಾಕುವಿನ ತಮ್ಮ ಬಂದರು, ಕೈಯಲ್ಲಿ ಕೋಕಂ ಚೀಲ. ಹೊಸ್ತಿಲು ದಾಟದೆ ಮರಾಠಿಯಲ್ಲೇ ಹೇಳಿದರು: ಈ ಸಲ ಮೋಡ ಬೇಗ ಬಂತು. ಕೊಂಡವರು ಹೆದರಿ ಹಿಂದಿನ ರಾತ್ರಿಯೇ ಬಂದು, ನಸುಕಿನಲ್ಲಿ ದೋಣಿ ಒಯ್ದುಬಿಟ್ಟರು. ಅಕ್ಕನಿಗೆ ತಿಳಿಸಲು ಹೊತ್ತೇ ಇರಲಿಲ್ಲ...

ಕಾಕು ತಮ್ಮನಿಗೆ ಚಹಾ ಮಾಡಿಕೊಟ್ಟರು. ಅವರು ಹೋದ ಮೇಲೆ ಎಂದಿನಂತೆ ಅಂಗಳಕ್ಕೆ ನೀರು ಚಿಮುಕಿಸಿದರು. ಆ ಸಂಜೆಯ ರಂಗೋಲಿ ನಲ್ಲಿಯ ಕಟ್ಟೆಯಿಂದ ಹೊರಬಾಗಿಲವರೆಗೂ ಹೋಯಿತು. ಕೊನೆಯ ಬೀಜ ಇಟ್ಟು, ಸೆರಗಿನ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟರು. "ಹಿಡಿ. ಎತ್ತರಕ್ಕ."

ಹಿಡಿದೆ. ಬಾಗಿಲಿನಿಂದ ಬಂದ ಗಾಳಿಗೆ ಸೆರಗು ಬುಸ್ಸೆಂದು ಉಬ್ಬಿತು. ನಾವು ಹೊರಟೆವು. ಒಂದೊಂದು ಬೀಜದ ಹತ್ತಿರವೂ ನಿಂತು, ಮೆತ್ತಗಾದ ರೊಟ್ಟಿಗೆ ಚಟ್ನಿ ಸವರಿ ತಿಂದೆವು. ಕಾಕು ಒಂದೊಂದು ಊರಿನ ಬೆಳಕು ತೋರಿಸಿದರು. ಆಣೆ ಮಾಡಿ ಹೇಳುತ್ತೇನೆ, ನನಗೂ ಕಂಡಿತು... ರತ್ನಾಗಿರಿ ದಾಟುವಾಗ ಹಿಂದಿನಿಂದ ದನಿ ಬಂತು: "ಸ್ವಲ್ಪ ತಡೀರಿ. ನಾ ಒಬ್ಬಾಕಿ ಇಲ್ಲಿ ಕೂತು ಏನು ಮಾಡ್ಲಿ?" ಅತ್ತೆ ಸೀರೆ ಎತ್ತಿ ಕಟ್ಟಿ, ರಂಗೋಲಿ ತುಳಿಯದಂತೆ ದೋಣಿ ಹತ್ತಿದರು.

ಕಾರವಾರ ಮುಟ್ಟಿದಾಗ ಕಾಕು ಸೆರಗು ಇಳಿಸಿ ಮುಖ ಒರೆಸಿಕೊಂಡರು. ಬಹಳ ಹೊತ್ತು ಒರೆಸಿಕೊಂಡರು. ಅತ್ತೆ ಆವತ್ತು ಮಾತ್ರ ಜಗಳ ತೆಗೆಯಲಿಲ್ಲ.

ಅತ್ತೆ ಇಲ್ಲ, ಕಾಕು ಇಲ್ಲ. ವಾಡೆಯ ಜಾಗದಲ್ಲಿ ಈಗ ಫ್ಲ್ಯಾಟು. ಅಂಗಳದ ಮೇಲೆ ಸ್ಕೂಟರುಗಳು ನಿಲ್ಲುತ್ತವೆ. ಮೊಮ್ಮಗಳು ಫೋನಿನಲ್ಲೇ ಆ ದಂಡೆಯ ನಕ್ಷೆ ತೆಗೆದು ತೋರಿಸಿದಳು. ಬೆರಳಿಟ್ಟು ಎಳೆದರೆ ಒಂದೇ ಗುಕ್ಕಿಗೆ ಕಾರವಾರ. ಹರ್ಣೈ ಇಲ್ಲ, ಮಾಲವಣ ಇಲ್ಲ, ನಡುವೆ ಊಟವೂ ಇಲ್ಲ.

"ಬೇಸಿಗಿಗೆ ಕಾರಿನಾಗ ಹೋಗೋಣೇನು, ಅಜ್ಜಿ?" ಎಂದಳು.

"ನಿನ್ನ ಕಾರಿಗೆ ಹಾಯಿ ಅದ ಏನು?" ಎಂದೆ.

ನಕ್ಕು, ರೊಟ್ಟಿ ಡಬ್ಬಿ ಮುಚ್ಚಲು ಹೋದಳು. ಬೇಡವೆಂದು ಅವಳ ಕೈ ಹಿಡಿದೆ.