ಅಪ್ಪನ ಫೋನಿಗೆ ಬಂದ ಒಟಿಪಿ

ನನ್ನ ಬ್ಯಾಚಿನವರಿಗಿಂತ ನಾನು ನಾಲ್ಕು ವರ್ಷ ದೊಡ್ಡವಳು. ಮೆಡಿಕಲ್ ಕಾಲೇಜಿಗೆ ಸೇರಿದ ಮೊದಲ ವಾರವೇ ಹಾಸ್ಟೆಲಿನಲ್ಲಿ ನನಗೆ ‘ಅಜ್ಜಿ’ ಎಂದು ಹೆಸರು ಬಿತ್ತು. ಎಷ್ಟು ಸಲ ನೀಟ್ ಬರೆದೆ ಎಂದು ಕೇಳುವವರು ಈಗಲೂ ಇದ್ದಾರೆ. ಎರಡೇ ಸಲ ಎಂದರೆ ನಂಬುವುದಿಲ್ಲ. ಹಾಗಾದರೆ ನಡುವೆ ಅಷ್ಟು ವರ್ಷ ಏನು ಮಾಡುತ್ತಿದ್ದೆ ಎನ್ನುತ್ತಾರೆ. ಅರ್ಜಿ ಯಾವಾಗ ಹಾಕುವುದು ಎಂದು ಯೋಚಿಸುತ್ತಿದ್ದೆ ಎಂದರೆ ನಗುತ್ತಾರೆ. ನಗಲಿ ಬಿಡಿ, ಇದ್ದದ್ದು ಹಾಗೆಯೇ.

ಮೊದಲ ಸಲ ಬರೆದದ್ದು ಕೊಟ್ಟೂರಿನಲ್ಲಿ ಪಿಯುಸಿ ಮುಗಿಸಿದ ಬೇಸಿಗೆಯಲ್ಲಿ. ಕ್ಲಾಸಿನವರೆಲ್ಲ ಬರೆದರು, ನಾನೂ ಬರೆದೆ. ಬಂದ ಅಂಕಗಳನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಇನ್ನೊಂದು ವರ್ಷ ಸರಿಯಾಗಿ ಕೂತು ಓದಿದರೆ ಸಿಗುತ್ತದೆ ಎಂದರು ಜೀವಶಾಸ್ತ್ರದ ಮೇಷ್ಟ್ರು. ಮನೆಯಲ್ಲಿ ಆ ಮಾತೆತ್ತುವ ಧೈರ್ಯ ನನಗಾಗಲಿಲ್ಲ. ಹಗರಿಬೊಮ್ಮನಹಳ್ಳಿಯಲ್ಲಿ ಬಿ.ಎಸ್ಸಿ.ಗೆ ಸೇರಿ, ಅಲ್ಲಿಯ ಹಾಸ್ಟೆಲಿನಲ್ಲಿ ಉಳಿದುಕೊಂಡೆ. ಡಿಗ್ರಿ ಆದಮೇಲೆ ನೋಡಿದರಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೀಗೆ ಹೇಳಿಕೊಳ್ಳುವುದರಲ್ಲೇ ಎರಡೂವರೆ ವರ್ಷ ಹಾಯಾಗಿ ಕಳೆದುಹೋಯಿತು.

ನಮ್ಮದು ಕೂಡ್ಲಿಗಿ ತಾಲ್ಲೂಕಿನ ಒಂದು ಹಳ್ಳಿ. ಸ್ವಲ್ಪ ಹೊಲ, ಜೊತೆಗೆ ಕುರಿ. ದೀಪಾವಳಿ ಮುಗಿದ ಮೇಲೆ ಅಪ್ಪ ಮಂದೆ ಹೊಡೆದುಕೊಂಡು ತುಂಗಭದ್ರೆಯ ಕಡೆ ಹೊರಟುಬಿಡುತ್ತಾನೆ. ಅಲ್ಲಿ ಭತ್ತ ಕೊಯ್ದ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿಕೊಳ್ಳುವ ರೈತರಿರುತ್ತಾರೆ. ನಾಲ್ಕು ದಿನ ಒಬ್ಬರ ಗದ್ದೆ, ಆಮೇಲೆ ಇನ್ನೊಬ್ಬರದು. ಮುಂಗಾರು ಹತ್ತಿರ ಬಂದಾಗ ಊರಿಗೆ ವಾಪಸು. ವರ್ಷದಲ್ಲಿ ಆರೇಳು ತಿಂಗಳು ಯಜಮಾನ ಮನೆಯಲ್ಲಿರುವುದಿಲ್ಲ, ಆದರೆ ಮನೆಯ ಒಂದು ತೀರ್ಮಾನವೂ ಅವನಿಲ್ಲದೆ ಆಗುವುದಿಲ್ಲ. ಇದರಲ್ಲಿ ಯಾರಿಗೂ ವಿಚಿತ್ರವೇನೂ ಕಂಡಿರಲಿಲ್ಲ, ನನಗೂ ಅಷ್ಟೆ.

ಡಿಗ್ರಿಯ ಕೊನೆಯ ವರ್ಷ, ಸಂಕ್ರಾಂತಿ ಕಳೆದ ಮೇಲೆ, ಅಕ್ಕನಿಗೆ ಗಂಡು ಗೊತ್ತಾಯಿತು. ಹರಪನಹಳ್ಳಿ ಕಡೆಯವರು. ಅಪ್ಪ ಫೋನಿನಲ್ಲೇ ಹೂಂ ಅಂದಿದ್ದ, ಅಕ್ಕನಿಗೂ ಹುಡುಗ ಒಪ್ಪಿಗೆಯಾಗಿದ್ದ. ತೊಂದರೆ ಇದ್ದದ್ದು ಒಂದೇ, ಹುಡುಗನಿಗೊಬ್ಬ ತಮ್ಮನಿದ್ದ. ನಮ್ಮಲ್ಲಿ ಅಕ್ಕತಂಗಿಯರ ಮದುವೆಯನ್ನು ಒಂದೇ ಹಂದರದಲ್ಲಿ ಮಾಡಿ ಮುಗಿಸುವುದು ಹೊಸದೇನಲ್ಲ. ಒಂದೇ ಅಡುಗೆ, ಒಂದೇ ವಾಲಗ, ನೆಂಟರೂ ಒಂದೇ ಸಲ ಬಂದು ಹೋಗುತ್ತಾರೆ. ಬೀಗರು ಆ ಮಾತನ್ನು ಆಡಿಯೇಬಿಟ್ಟರು. ಅವ್ವ ಹಾಸ್ಟೆಲಿಗೆ ಫೋನ್ ಮಾಡಿ, ಪಂಕ್ತಿಯಲ್ಲಿ ಒಂದು ಲಾಡು ಹೆಚ್ಚಿಗೆ ಉಳಿದಿದೆ ಹಾಕಲೇ ಎಂದು ಕೇಳುವ ದನಿಯಲ್ಲಿ, “ನಿಂದೂ ಅದರಾಗ ಮುಗಿಸಿಬಿಡೋಣು ಅಂತಾರ” ಎಂದಳು.

“ಅಪ್ಪ ಏನಂದ?” ಎಂದೆ.

“ನಿಂದು ಅವನಿಗೆ ಇನ್ನೂ ಎಲ್ಲಿ ಹೇಳೀವಿ? ಬ್ಯಾಸಗ್ಯಾಗ ಬರ್ತಾನಲ್ಲ, ಬಂದು ಹೇಳ್ತಾನ.”

ನನಗೆ ಹೆದರಿಕೆಯಾಯಿತು. ಅಪ್ಪ ಬಂದು ಹೇಳುವ ಹೊತ್ತಿಗೆ ಹಂದರದ ಗಳಗಳೇ ಬಂದಿರುತ್ತವೆ ಎನಿಸಿತು. ಅದೇ ವಾರ ನೀಟ್ ಅರ್ಜಿ ಕರೆದಿದ್ದರು. ಪರೀಕ್ಷೆ ಬರೆಯುವ ಹುಡುಗಿಯನ್ನು ಅದೇ ಬೇಸಿಗೆಯಲ್ಲಿ ಹಸೆಮಣೆಯ ಮೇಲೆ ಕೂರಿಸಲಾರರು ಎಂಬುದು ನನ್ನ ಲೆಕ್ಕ. ಯಾರಿಗೂ ಹೇಳದೆ ಹಾಕಿಬಿಡುವುದೆಂದು ನಿರ್ಧರಿಸಿದೆ. ನಿರ್ಧರಿಸಿ, ಎಂದಿನಂತೆ ತಡಮಾಡಿ, ಕೊನೆಯ ದಿನಕ್ಕೆ ಒಂದು ದಿನ ಮೊದಲು ಬಸ್‌ಸ್ಟ್ಯಾಂಡಿನ ಹತ್ತಿರದ ಆನ್‌ಲೈನ್ ಸೆಂಟರಿಗೆ ಹೋದೆ.

ಸೆಂಟರಿನವನು ಎಲ್ಲ ತುಂಬಿ, “ಒಟಿಪಿ ಬಂದೈತಿ ನೋಡ್ರಿ, ಹೇಳ್ರಿ” ಎಂದ. ನನ್ನ ಫೋನಿಗೆ ಏನೂ ಬಂದಿರಲಿಲ್ಲ.

“ನಿಮ್ಮ ಆಧಾರಿಗೆ ಯಾವ ನಂಬರ್ ಐತ್ರಿ?”

ಆಗ ನೆನಪಾಯಿತು. ನಾನು ಚಿಕ್ಕವಳಿದ್ದಾಗ ಊರ ಶಾಲೆಯಲ್ಲಿ ಆಧಾರ್ ಮಾಡಿಸುವವರು ಬಂದು ಕೂತಿದ್ದರು. ಮನೆಮಂದಿಯೆಲ್ಲ ಸಾಲಿನಲ್ಲಿ ನಿಂತು ಬೆರಳು ಒತ್ತಿದ್ದೆವು. ಆಗ ಮನೆಗೆಲ್ಲ ಒಂದೇ ಮೊಬೈಲು, ಅಪ್ಪನದು. ಎಲ್ಲರೂ ಅದೇ ನಂಬರ್ ಬರೆಸಿದೆವು, ಆಮೇಲೆ ಯಾರೂ ಬದಲಿಸಲಿಲ್ಲ. ನಮ್ಮೆಲ್ಲರ ಗುರುತನ್ನೂ ಒಂದೇ ನಂಬರಿಗೆ ಕಟ್ಟಿಹಾಕಿ, ಆ ನಂಬರನ್ನು ಕುರಿಯ ಹಿಂದೆ ಅಟ್ಟಿದ್ದೆವು. ಕುರಿ ಕಾಯುವವರ ಮನೆಯಲ್ಲದೆ ಇನ್ನೆಲ್ಲಿ ಇಂಥ ಬುದ್ಧಿವಂತಿಕೆ ನಡೆದೀತು? ಅಪ್ಪನಿಗೆ ಫೋನ್ ಹಚ್ಚಿದೆ. ಸ್ವಿಚ್ ಆಫ್.

ಸೆಂಟರಿನವನು ಒಳ್ಳೆಯವನು. “ನಾಳಿ ಸಂಜಿ ಮಟ ಟೈಮ್ ಐತಿ. ಆ ಫೋನ್ ಎಲ್ಲೈತೋ ಅಲ್ಲಿಗೆ ಹೋಗಿ ನನಗ ಕರೀರಿ. ಇಲ್ಲಿಂದ ಕಳಸ್ತೀನಿ, ಬಂದದ್ದು ಓದಿ ಹೇಳ್ರಿ. ಹತ್ತ ನಿಮಿಷ ಇರ್ತೈತಿ, ಅಷ್ಟರಾಗ ಆಗಬೇಕು” ಎಂದ.

ಮರುದಿನ ಬೆಳಿಗ್ಗೆ ಹಂಪಸಾಗರದ ಬಸ್ ಹತ್ತಿದೆ. ಆ ವರ್ಷ ಮಂದೆ ಆ ಕಡೆ ಇತ್ತು. ದಾರಿಯುದ್ದಕ್ಕೂ ಸುಳ್ಳು ಹೊಸೆದುಕೊಂಡು ಹೋದೆ. ಸ್ಕಾಲರ್‌ಶಿಪ್ಪಿಗೆ ನಂಬರ್ ಬರುತ್ತದೆ ಎಂದರೆ ಅಪ್ಪ ಎರಡನೆಯ ಮಾತು ಕೇಳುವವನಲ್ಲ. ಬಸ್ ಇಳಿದು, ಅವರಿವರನ್ನು ಕೇಳುತ್ತ ಗದ್ದೆಗಳ ಬದುವಿನ ಮೇಲೆ ನಡೆದೆ. ಹಿನ್ನೀರಿನ ಕಡೆಯ ಒಂದು ಜಾಲಿಯ ಕೆಳಗೆ ಅಪ್ಪ ಕುಂಟುವ ಕುರಿಯೊಂದನ್ನು ಕೆಡವಿಕೊಂಡು ಗೊರಸು ಕೆತ್ತುತ್ತಿದ್ದ. ನನ್ನನ್ನು ಕಂಡವನೇ ಎದ್ದು ನಿಂತ. ಕುರಿ ಓಡಿಹೋಯಿತು.

“ಯಾಕವ್ವಾ? ಮನ್ಯಾಗ ಯಾರಿಗೇನಾತು?”

ಅವನ ಮುಖ ನೋಡಿ ಸುಳ್ಳು ಹೊರಡಲಿಲ್ಲ. ಯಾರಿಗೂ ಏನೂ ಆಗಿಲ್ಲ ಎಂದು ಹೇಳಿ, ನೀಟು, ಬೀಗರು, ಹಂದರ, ಒಟಿಪಿ ಎಲ್ಲವನ್ನೂ ಒಂದೇ ಉಸಿರಿಗೆ ಒದರಿದೆ. ಅವನು ಹೋಗಿ ಆ ಕುರಿಯನ್ನು ಮತ್ತೆ ಹಿಡಿದು ತಂದು ಕೂತ.

“ಮೊದಲ ಯಾಕ ಹೇಳಲಿಲ್ಲ ನನಗ?”

“ನೀ ಎಲ್ಲಿದ್ದೀ ಹೇಳಾಕ?” ಎಂದೆ. ನಿಜವಾಗಿಯೂ ಸಿಟ್ಟು ಬಂದಿತ್ತು. ಅವನು ಇನ್ನೊಂದು ಗೊರಸಿಗೆ ಕೈಹಾಕಿದ.

ಫೋನು ಗದ್ದೆಯವರ ಮೋಟರ್ ಮನೆಯಲ್ಲಿ ಚಾರ್ಜಿಗೆ ಇತ್ತು. ಕರೆಂಟು ಬರುವುದು ಎರಡು ಗಂಟೆಗೆ. ಅಲ್ಲಿಯ ತನಕ ಮಾಡುವುದಕ್ಕೆ ಏನೂ ಇರಲಿಲ್ಲ. ಅಪ್ಪನ ಬುತ್ತಿ ಬಿಚ್ಚಿ ಇಬ್ಬರೂ ರೊಟ್ಟಿ ತಿಂದೆವು. ಕೈ ತೊಳೆದ ಮೇಲೆ ಅವನು ಕೇಳಿದ:

“ಈ ಸಲ ಬರದ್ರ ಸಿಗತೈತೇನು?”

ನನಗೆ ನಾಚಿಕೆಯಾಯಿತು. ಜಾತಿ ಪ್ರಮಾಣಪತ್ರ, ಫೋಟೋ, ಸಹಿ ಎಂದು ಓಡಾಡಿದ ಅಷ್ಟೂ ದಿನ ನಾನೇ ನನ್ನನ್ನು ಈ ಪ್ರಶ್ನೆ ಕೇಳಿಕೊಂಡಿರಲಿಲ್ಲ. ಪರೀಕ್ಷೆಗೆ ಎರಡು ತಿಂಗಳಿತ್ತು. ಡಿಗ್ರಿಯಲ್ಲಿ ನನಗೆ ಭೌತಶಾಸ್ತ್ರ ಇರಲಿಲ್ಲ, ಅದರ ಪುಸ್ತಕ ಮುಟ್ಟಿಯೇ ಮೂರು ವರ್ಷವಾಗಿತ್ತು.

“ಇಲ್ಲ” ಎಂದೆ.

“ಮತ್ತ ಯಾಕ ಬರೀತಿ?”

“ಹಂದರದಾಗ ಕೂರಬಾರದಂತ.”

ಅಪ್ಪ ಜೋರಾಗಿ ನಕ್ಕುಬಿಟ್ಟ. ನನಗೆ ಅಳು ಬಂತು. ಅದನ್ನು ಕಂಡು ನಗು ನಿಲ್ಲಿಸಿದ.

ಕುರಿ ಕೊಳ್ಳಲು ಬಂದವರಿಗೆ ಅಪ್ಪನದೊಂದು ಕಟ್ಟುನಿಟ್ಟಿದೆ. ಮಂದೆಯ ಸುತ್ತ ಎಷ್ಟು ಹೊತ್ತು ಬೇಕಾದರೂ ತಿರುಗಿ ನೋಡಬಹುದು. ಬೇಕಿದ್ದರೆ ನೋಡಿ ಹೋಗಿ, ನಾಳೆ ಬರಬಹುದು. ಆದರೆ ಒಳಗೆ ಕಾಲಿಟ್ಟು ಒಂದರ ಹಿಂಗಾಲು ಹಿಡಿದರೆ ಮುಗಿಯಿತು, ಅದೇ ಅವರದು. ಇದು ಬೇಡ, ಅದು ಕೊಡು ಎನ್ನುವಂತಿಲ್ಲ, ಮಂದೆ ಬೆದರುತ್ತದೆ. ಚಿಕ್ಕಂದಿನಿಂದ ಇದನ್ನು ನೋಡಿದವಳಾದ್ದರಿಂದ ಅವನು ಹೆಚ್ಚು ಬಿಡಿಸಿ ಹೇಳಬೇಕಾಗಲಿಲ್ಲ.

“ನಿನಗೂ ಹಂಗ” ಎಂದ. “ನೋಡಾಕ ಎಷ್ಟು ಹೊತ್ತಾದ್ರೂ ತಗೋ. ಹಿಡಿಯೋದು ಒಂದ ಸಲ. ಈ ವರ್ಷ ಬರೀತಿಯೋ, ಮುಂದಿನ ವರ್ಷ ಬರೀತಿಯೋ, ನೀನ ಹೇಳು. ಅಲ್ಲೀ ಮಟ ಯಾರೂ ಹಂದರದ ಮಾತು ಎತ್ತಂಗಿಲ್ಲ. ಸಿಗಲಿಲ್ಲಂದ್ರ ಆಮ್ಯಾಲೆ ಹಟ ಮಾಡಬಾರದು ಮತ್ತ.”

ಕರೆಂಟು ಬಂತು. ಫೋನ್ ಆನ್ ಆಯಿತು. ನನ್ನ ಫೋನಿನಿಂದ ಸೆಂಟರಿನವನಿಗೆ ಕರೆ ಮಾಡಿದೆ. ಒಂದು ನಿಮಿಷದಲ್ಲಿ ಅಪ್ಪನ ಫೋನು ಕಿಂವ್ ಎಂದಿತು. ಅಪ್ಪನಿಗೆ ಅಕ್ಷರ ಬಾರದು, ಅಂಕಿ ಚೆನ್ನಾಗಿ ಬರುತ್ತವೆ. ಫೋನನ್ನು ದೂರ ಹಿಡಿದು, ಆರೂ ಅಂಕಿಗಳನ್ನು ಒಂದೊಂದಾಗಿ, ಗಟ್ಟಿಯಾಗಿ ಓದಿದ. ಓದಿ ನನ್ನ ಮುಖ ನೋಡಿದ.

“ಹೇಳ್ರಿ, ಹೇಳ್ರಿ” ಎನ್ನುತ್ತಿದ್ದ ಸೆಂಟರಿನವನು.

ಈ ವರ್ಷ ಎಂದರೆ ಸೋಲು ಖಚಿತ, ಇದ್ದ ಒಂದೇ ಸಲವೂ ಖರ್ಚಾಗುತ್ತದೆ. ಮುಂದಿನ ವರ್ಷ ಎಂದರೆ ಓದುವುದಕ್ಕೆ ವರ್ಷ ಸಿಗುತ್ತದೆ, ಆದರೆ ಅಪ್ಪನ ಮಾತು ಅಷ್ಟು ದಿನ ನಿಲ್ಲಬೇಕು. ಅಪ್ಪನ ಮೇಲೆ ನನಗೆ ಅನುಮಾನವಿರಲಿಲ್ಲ. ಅವನಿಲ್ಲದ ಮನೆಯಲ್ಲಿ ಅವನ ಮಾತು ಎಷ್ಟು ದಿನ ಬಾಳುತ್ತದೆ ಎಂಬುದೇ ಅನುಮಾನ. ಹತ್ತು ನಿಮಿಷದಲ್ಲಿ ಮೂರೋ ನಾಲ್ಕೋ ಕಳೆದಿರಬೇಕು.

“ಬಿಡ್ರಿ, ಈ ಸಲ ಬ್ಯಾಡ. ಮುಂದಿನ ವರ್ಷ ಹಾಕ್ತೀನಿ” ಎಂದೆ.

“ಮುಂಜಾನಿಂದ ನಿಮ್ಮ ಸಲುವಾಗಿ ಪೇಜ್ ತೆರಕೊಂಡು ಕುಂತೀನಲ್ರಿ!” ಎಂದು ಅವನು ಬೈದ. ಬೈಸಿಕೊಂಡೆ.

ಅಪ್ಪ ಚಾರ್ಜರಿನ ವಯರು ಸುತ್ತಿ, ಫೋನಿನ ಜೊತೆ ನನ್ನ ಕೈಗಿಟ್ಟ. “ಮುಂದಿನ ವರ್ಷ ಈ ಹೊತ್ತಿಗೆ ಹಲವಾಗಲ ಕಡೆ ಇರ್ತೀನೋ, ಹಡಗಲಿ ಕಡೆ ಇರ್ತೀನೋ. ಮತ್ತ ಹುಡುಕ್ಕೊಂಡು ಬರ್ತೀಯೇನು? ನೀನ ಇಟ್ಕೋ. ನನಗ ಬೇಕಾದ್ರ ಗದ್ದ್ಯಾಗಿನವರ ಫೋನಿಂದ ಮಾಡ್ತೀನಿ” ಎಂದ. ಅಲ್ಲೇ ಗದ್ದೆಯವರ ಫೋನಿನಿಂದ ಅವ್ವನಿಗೆ, ಮದುವೆ ದೊಡ್ಡವಳದೊಂದೇ ಎಂದು ಎರಡು ಮಾತು ಹೇಳಿದ. ಅವ್ವ ಆ ಕಡೆಯಿಂದ ಏನೆಂದಳೋ ನನಗೆ ಕೇಳಿಸಲಿಲ್ಲ. ನಾನು ಸಂಜೆಯ ಬಸ್ಸಿಗೆ ಹಾಸ್ಟೆಲಿಗೆ ಬಂದೆ.

ಅವ್ವ ಬೀಗರಿಗೆ ಹೇಳುತ್ತಾಳೆ ಎಂದುಕೊಂಡಿದ್ದೆ. ಅವಳಿಗೆ ಧೈರ್ಯವಾಗಲಿಲ್ಲವೋ, ಮನಸ್ಸಿರಲಿಲ್ಲವೋ, ಹೇಳಿರಲಿಲ್ಲ. ನಾಲ್ಕನೆಯ ದಿನ, ನಾನು ಕೆಮಿಸ್ಟ್ರಿ ರೆಕಾರ್ಡ್ ಬರೆಯುತ್ತಿದ್ದಾಗ ಅಪ್ಪನ ಫೋನು ಹೊಡೆದುಕೊಂಡಿತು. ಹರಪನಹಳ್ಳಿ ಕಡೆಯ ದನಿ, ವಯಸ್ಸಾದವರದು.

“ಯಜಮಾನ್ರು ಇದಾರೇನಮ್ಮಾ? ಎರಡೂ ಮದ್ವೆಗೆ ಒಂದೇ ದಿನ ನೋಡ್ಸಿದೀವಿ. ಅವ್ರು ಹೂಂ ಅಂದ್ರೆ ಹಂದ್ರಕ್ಕೆ ಹೇಳ್ಬಿಡ್ತೀವಿ.”

ಅವ್ವನಿಗೆ ಮಾಡಿ ಎಂದು ಇಟ್ಟುಬಿಡಬಹುದಿತ್ತು. ಇಟ್ಟಿದ್ದರೆ ಎರಡು ಮದುವೆಯೇ ಗಟ್ಟಿಯಾಗುತ್ತಿತ್ತು.

“ಅಪ್ಪ ಮಂದ್ಯಾಗ ಅದಾನ್ರಿ. ಮದುವಿ ಒಂದ ಅಂತ ಹೇಳ್ಯಾನ, ದೊಡ್ಡಾಕೀದು. ಸಣ್ಣಾಕಿ ಡಾಕ್ಟರ್ ಪರೀಕ್ಷೆ ಬರೀತಾಳ.”

“ನೀನ್ಯಾರಮ್ಮಾ ಮಾತಾಡ್ತಿರೋದು?” ಎಂದರು.

ಅವ್ವನ ಹೆಸರನ್ನೋ ಅಕ್ಕನ ಹೆಸರನ್ನೋ ಹೇಳಿದ್ದರೆ ಅವರಿಗೆ ಗೊತ್ತಾಗುತ್ತಿರಲಿಲ್ಲ.

“ಸಣ್ಣಾಕೀನ ರಿ” ಎಂದೆ.