ಮಲ್ಲಣ್ಣ ಅಂಕಲ್ ಮತ್ತು ನನ್ನ ಮೊಂಡ ಚಾಕುಗಳು

ಶನಿವಾರ ಬೆಳಿಗ್ಗೆ ಮಲ್ಲಣ್ಣ ಅಂಕಲ್ ಸಾಣೆಕಲ್ಲನ್ನು ಹಳೇ ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಬರುತ್ತಿದ್ದರು. ಅಮೆರಿಕದ ಮೆಕಿನ್ನಿ ಊರಿನ ನಮ್ಮ ಬೀದಿಯಲ್ಲಿ ಕನ್ನಡದವರ ಮನೆಯ ಚಾಕು, ಈಳಿಗೆಮಣೆಗಳೆಲ್ಲ ಅವರ ಕೈಯಲ್ಲೇ ಹರಿತವಾಗಬೇಕು. ಧಾರವಾಡದವರು, ನಿವೃತ್ತ ಇಂಜಿನಿಯರ್. ನನ್ನ ಚಾಕುವಿನ ಮೇಲೆ ಹೆಬ್ಬೆರಳು ಸವರಿ, ಇದರಲ್ಲಿ ಬೆಣ್ಣೆಯೂ ತುಂಡಾಗದು ಎಂದು ಮಾನ ಕಳೆಯುತ್ತಿದ್ದರು.

"ಕೈ ಕೊಯ್ಯೂದು ಮೊಂಡ ಚಾಕುನ ನೋಡವಾ. ಹರಿತ ಇದ್ದದ್ದು ನಮ್ಮ ಮಾತು ಕೇಳ್ತದ."

ಒಮ್ಮೆ ನಾನು ಮೈಸೂರಿಗೆ ಹೋದಾಗ ಅವರ ಹೆಂಡತಿ ಶೈಲಾ ಆಂಟಿ ಹೇಳಿದ್ದರೆಂದು ಅಂಕಲ್‌ನ ಬಿ.ಪಿ. ಮಾತ್ರೆಗಳ ಪೊಟ್ಟಣ ತಂದುಕೊಟ್ಟಿದ್ದೆ. ಕೆಲವು ತಿಂಗಳಾದ ಮೇಲೆ ಅಂಕಲ್ ಗೆದ್ದವರಂತೆ ಬಂದರು. ಔಷಧದ ಅಂಗಡಿಯ ಮಷೀನಿನಲ್ಲಿ ಮೂರು ಸಲ ನೋಡಿದರಂತೆ, ಬಿ.ಪಿ. ಸರಿಯಾಗಿದೆಯಂತೆ, ಮಾತ್ರೆ ಬಿಟ್ಟೇಬಿಟ್ಟರಂತೆ. ನಾನು ಶಹಭಾಸ್ ಎಂದು ಪಾಯಸ ಕೊಟ್ಟೆ.

ಆಮೇಲೆ ಅವರು ಅವರಾಗಿ ಉಳಿಯಲಿಲ್ಲ. ಗೋಡೆಯೊಳಗಿಂದ ಪಕ್ಕದವರು ಕದ್ದು ಕೇಳುತ್ತಾರೆಂದು ಫೋನನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟರು. ಆಂಟಿಯನ್ನು ಕೇಳಿದರೆ, ನಿದ್ದೆ ಸಾಲದು ಅಷ್ಟೇ, ಮಗಳ ಮದುವೆ ಮಾತು ನಡೆದಿದೆ, ಎಲ್ಲೂ ಬಾಯಿ ಬಿಡಬೇಡ ಎಂದು ಕೈ ಹಿಡಿದುಕೊಂಡರು. ನಾನೂ ಬಾಯಿ ಬಿಡಲಿಲ್ಲ. ಬೀದಿಯವರು ಮಾತ್ರ ಒಬ್ಬೊಬ್ಬರಾಗಿ ಅವರಿಗೆ ಚಾಕು ಕೊಡುವುದನ್ನು ನಿಲ್ಲಿಸಿದರು. ಡಾಕ್ಟರ ಹತ್ತಿರ ಹೋಗೋಣ ಬನ್ನಿ ಎಂದು ಅವರ ಮುಖ ನೋಡಿ ಹೇಳಿದವರು ಯಾರೂ ಇಲ್ಲ.

ಒಂದು ಶನಿವಾರ ಆಂಟಿ ಫೋನ್ ಮಾಡಿ, ಅವರು ನಿಮ್ಮಲ್ಲಿಗೇ ಬರುತ್ತಿದ್ದಾರೆ, ಚಾಕು ಮುರಿದಿದೆ ಎಂದುಬಿಡು ಎಂದರು. ಸೌತೆಕಾಯಿ ಹೆಚ್ಚುತ್ತಿದ್ದ ಚಾಕುವನ್ನು ಬಟ್ಟೆಯ ಕೆಳಗೆ ತಳ್ಳಿದೆ. ಅಷ್ಟರಲ್ಲಿ ಅಂಕಲ್ ಅಡುಗೆಮನೆಗೇ ಬಂದು ಚಾಕು ಕೇಳಿದರು.

"ಎಲ್ಲಾ ಮುರಿದೋಗಿವೆ ಅಂಕಲ್," ಎಂದೆ.

ಅವರು ಬಟ್ಟೆ ಎತ್ತಿ ನೋಡಿದರು. "ನೀನೂ ಅವರ ಕಡೆಯಾಕಿ ಆದಿ," ಎಂದು ನನ್ನನ್ನು ದಬ್ಬಿದರು. ಅಡುಗೆಕಟ್ಟೆಯ ಅಂಚಿಗೆ ಬಡಿದು ನನ್ನ ಮಣಿಕಟ್ಟು ಮುರಿಯಿತು. ಚಾಕುವನ್ನು ಅವರು ಮುಟ್ಟಲಿಲ್ಲ. ನನ್ನ ಕೈ ನೋಡಿ ನೆಲಕ್ಕೆ ಕುಸಿದು ಕೂತರು. ನಾನು ಅವರ ಎದುರೇ ಪೊಲೀಸರಿಗೆ ಫೋನ್ ಮಾಡಿ, ಇವರಿಗೆ ಮಾನಸಿಕ ಕಾಯಿಲೆಯಿದೆ, ಅದನ್ನು ಬಲ್ಲವರನ್ನು ಕಳಿಸಿ ಎಂದೆ. ಪುಣ್ಯಕ್ಕೆ ಬಂದವರು ಮೆತ್ತಗೆ ಮಾತಾಡಿದರು. ಕಾರು ಹತ್ತುವ ಮುಂಚೆ ಅಂಕಲ್ ನನ್ನತ್ತ ತಿರುಗಿದರು.

"ಎಲ್ಲಾರಿಗೂ ಗೊತ್ತಿತ್ತು. ನನಗೊಬ್ಬಂವಗ ಯಾಕ ಹೇಳಲಿಲ್ಲ?"

ಆಸ್ಪತ್ರೆಯಲ್ಲಿ ಆಂಟಿ ಅಳುತ್ತ ಬಾಯಿಬಿಟ್ಟರು. ಆ ಮಾತ್ರೆ ಬಿ.ಪಿ.ಯದ್ದಲ್ಲ, ಮನಸ್ಸಿನ ಕಾಯಿಲೆಯದ್ದು. ಹತ್ತು ವರ್ಷದಿಂದ ಬೇರೆ ಡಬ್ಬಿಗೆ ಹಾಕಿ, ಗಂಡನಿಗೂ ಸುಳ್ಳು ಹೇಳಿ ನುಂಗಿಸಿದ್ದರು. ನಾನು ಹೊತ್ತು ತಂದದ್ದು ಆ ಸುಳ್ಳನ್ನೇ. ಮೊದಲೇ ಹೇಳಿದ್ದರೆ ನಾನು ಪಾಯಸ ಕೊಡುತ್ತಿದ್ದೆನೇ? ಆ ಸಿಟ್ಟು ಇನ್ನೂ ಆರಿಲ್ಲ. ಆದರೆ ಬಟ್ಟೆಯ ಕೆಳಗೆ ಚಾಕು ಬಚ್ಚಿಟ್ಟ ಕೈ ನನ್ನದೇ.

ಈಗ ಅಂಕಲ್ ಹ್ಯೂಸ್ಟನ್ನಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಮಾತ್ರೆಯ ಹೆಸರು ತಾವೇ ಓದಿ ನುಂಗುತ್ತಾರೆ. ಹೋದ ತಿಂಗಳು ನಾಲ್ಕು ತಾಸು ಡ್ರೈವ್ ಮಾಡಿಕೊಂಡು ಹೋದೆ. ತಾವೇ ಚಹಾ ಮಾಡಿಕೊಟ್ಟರು, ಕೈ ನೋವು ಹೋಯಿತೇ ಎಂದು ಕೇಳಿದರು. ಸಾಣೆಕಲ್ಲು ಕಿಟಕಿಯಲ್ಲೇ ಇತ್ತು. ನನ್ನ ಚಾಕುಗಳಿದ್ದ ಚೀಲವನ್ನು ಅವರ ಮುಂದಿಟ್ಟೆ.

ಬಿಚ್ಚಿ ನೋಡದೆ ನನ್ನ ಕಡೆಗೇ ಸರಿಸಿದರು.

"ಎಲ್ಲಾ ಮುರದಾವ ಅಂತ ಅಂದಿದ್ದಿಯಲ್ಲವಾ," ಎಂದರು.